ಲಿನಕ್ಸ್ ಫೈಲ್ ಪರ್ಮಿಷನ್: ಕೆಲಸ ಪಕ್ಕಾ, ಕಾರಣ ಕೇಳಿದರೆ ಬಾಯಿ ಬಿಡಲ್ಲ

ಐದಕ್ಕೆ ನಾಲ್ಕು ಸ್ಟಾರ್. ಹೋದ ಒಂದು ಸ್ಟಾರ್ ಪೂರ್ತಿ ಎರಡೇ ಶಬ್ದದ ಲೆಕ್ಕಕ್ಕೆ: ‘ಪರ್ಮಿಷನ್ ಡಿನೈಡ್’.

ಲಿನಕ್ಸ್ ಬಳಸುವವರಿಗೆಲ್ಲ ಈ ಎರಡು ಶಬ್ದದ ಪರಿಚಯ ಇದ್ದೇ ಇರುತ್ತದೆ. ಫೈಲ್ ಇದೆ. ಹೆಸರು ಕಣ್ಣಿಗೆ ಕಾಣುತ್ತಿದೆ. ತೆರೆಯಲು ಹೋದರೆ ಆಗಲ್ಲ ಅನ್ನುತ್ತದೆ. ಯಾಕೆ ಆಗಲ್ಲ, ತಡೆ ಇರುವುದು ಫೈಲಿನಲ್ಲೇನಾ ಅಥವಾ ಮೇಲಿನ ಯಾವುದೋ ಫೋಲ್ಡರಿನಲ್ಲಾ, ನಾನು ಗ್ರೂಪಿನಲ್ಲಿ ಇಲ್ಲವಾ ಅಥವಾ ಆ ಗ್ರೂಪಿಗೇ ಹಕ್ಕಿಲ್ಲವಾ, ಒಂದನ್ನೂ ಹೇಳುವುದಿಲ್ಲ. ಸುಮ್ನೆ ಇಲ್ಲ ಅಂದುಬಿಡುತ್ತದೆ. ಇದೊಂದು ಬಿಟ್ಟರೆ, ಇಷ್ಟು ಚಿಕ್ಕದಾಗಿದ್ದು ಇಷ್ಟು ವರ್ಷ ದುಡಿದ ವ್ಯವಸ್ಥೆ ಕಂಪ್ಯೂಟರಿನಲ್ಲಿ ಇನ್ನೊಂದು ಸಿಗುವುದು ಕಷ್ಟ.

ಎಷ್ಟು ಹಳೆಯದು ಅಂತೀರಾ? ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಬೆಲ್ ಲ್ಯಾಬ್ಸ್‌ನಲ್ಲಿ ಕಟ್ಟಿದ, ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನ ಮೊದಲ ಮ್ಯಾನ್ಯುಯಲ್ 1971ರ ನವೆಂಬರಿನದು. ಪರ್ಮಿಷನ್ ಬದಲಿಸುವ ಸಿಎಚ್‌ಮಾಡ್ ಕಮಾಂಡ್ ಅದರಲ್ಲೇ ಇದೆ. ಆಗ ಗ್ರೂಪ್ ಇರಲಿಲ್ಲ, ಓನರ್ ಮತ್ತು ಉಳಿದವರು ಅಷ್ಟೇ. ಗ್ರೂಪ್ ಆಮೇಲೆ ಬಂತು. ಇವತ್ತು ಲಿನಕ್ಸ್ ಸರ್ವರ್, ಮ್ಯಾಕ್, ಆಂಡ್ರಾಯ್ಡ್ ಫೋನ್ ಎಲ್ಲದರ ತಳದಲ್ಲೂ ಇದೇ ಇದೆ. ಆಂಡ್ರಾಯ್ಡ್ ಅಂತೂ ಒಂದೊಂದು ಆ್ಯಪ್‌ಗೂ ಬೇರೆ ಬೇರೆ ಯೂಸರ್ ನಂಬರ್ ಕೊಟ್ಟು, ಒಂದರ ಫೈಲನ್ನು ಇನ್ನೊಂದು ಮುಟ್ಟದ ಹಾಗೆ ನೋಡಿಕೊಳ್ಳಲು ಇದೇ ಹಳೆಯ ವ್ಯವಸ್ಥೆಯನ್ನು ಬಳಸಿಕೊಂಡಿದೆ.

ಲೆಕ್ಕ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ಪ್ರತಿ ಫೈಲಿಗೂ ಒಬ್ಬ ಓನರ್, ಒಂದು ಗ್ರೂಪ್, ಉಳಿದವರೆಲ್ಲ ಸೇರಿ ‘ಅದರ್ಸ್’. ಮೂವರಿಗೂ ತಲಾ ಮೂರು ಹಕ್ಕು: ಓದುವುದು (ಆರ್) 4, ಬರೆಯುವುದು (ಡಬ್ಲ್ಯೂ) 2, ಪ್ರೋಗ್ರಾಂ ಆಗಿ ಓಡಿಸುವುದು (ಎಕ್ಸ್) 1. ಕೂಡಿಸಿದರೆ ಒಬ್ಬೊಬ್ಬರಿಗೆ ಒಂದು ಅಂಕಿ, ಓನರ್, ಗ್ರೂಪ್, ಅದರ್ಸ್ ಕ್ರಮದಲ್ಲಿ. 644 ಅಂದರೆ ಓನರ್ ಓದಬಹುದು, ಬರೆಯಬಹುದು, ಮಿಕ್ಕವರು ಓದಬಹುದು ಅಷ್ಟೇ. 755 ಅಂದರೆ ಎಲ್ಲರೂ ಓದಿ ಓಡಿಸಬಹುದು, ಬರೆಯುವುದು ಓನರ್ ಮಾತ್ರ. 600 ಅಂದರೆ ನನ್ನದು ನನಗೆ. ಒಟ್ಟು ಒಂಬತ್ತು ಬಿಟ್, ಅಂದರೆ ಒಂಬತ್ತು ಹೌದು-ಇಲ್ಲ. ಫೈಲುಗಳ ಪಟ್ಟಿ ತೋರಿಸುವ ‘ಎಲ್‌ಎಸ್ -ಎಲ್’ ಕಮಾಂಡ್ ಹೊಡೆದರೆ ಸಾಲಿನ ಮೊದಲಿಗೇ ಕಾಣುತ್ತದೆ, ಕಣ್ಣು ಹಾಯಿಸಿದರೆ ಸಾಕು. ನನಗೆ ಈ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಬೇರೆ ವ್ಯವಸ್ಥೆಗಳು ಇದಕ್ಕಿಂತ ಜಾಸ್ತಿ ಹೇಳಬಲ್ಲವು, ಆದರೆ ಒಂದು ಸಾಲಿನಲ್ಲಿ ಹೇಳಲಾರವು.

ಜನ ಎಡವುವುದು ಫೈಲಿನಲ್ಲಲ್ಲ, ಡೈರೆಕ್ಟರಿಯಲ್ಲಿ, ಅಂದರೆ ಫೋಲ್ಡರಿನಲ್ಲಿ. ಅದೇ ಮೂರು ಅಕ್ಷರ ಅಲ್ಲಿ ಬೇರೆ ಕೆಲಸ ಮಾಡುತ್ತವೆ. ಡೈರೆಕ್ಟರಿಯ ಆರ್ ಇದ್ದರೆ ಒಳಗಿರುವ ಹೆಸರುಗಳ ಪಟ್ಟಿ ಸಿಗುತ್ತದೆ. ಎಕ್ಸ್ ಇದ್ದರೆ ಮಾತ್ರ ಆ ಹೆಸರು ಹಿಡಿದು ಒಳಗಿನ ಫೈಲನ್ನು ತಲುಪಬಹುದು. ಆರ್ ಇದ್ದು ಎಕ್ಸ್ ಇಲ್ಲದಿದ್ದರೆ ವಿಚಿತ್ರ ಆಗುತ್ತದೆ, ಹೆಸರು ಕಾಣುತ್ತವೆ, ಸೈಜು, ತಾರೀಕು ಇರಬೇಕಾದ ಕಡೆಯೆಲ್ಲ ಪ್ರಶ್ನಾರ್ಥಕ ಚಿಹ್ನೆ. ಎಕ್ಸ್ ಇದ್ದು ಆರ್ ಇಲ್ಲದಿದ್ದರೆ ಉಲ್ಟಾ, ಪಟ್ಟಿ ಸಿಗಲ್ಲ, ಆದರೆ ಹೆಸರು ಮೊದಲೇ ಗೊತ್ತಿದ್ದವರು ನೇರ ಹೋಗಿ ತೆರೆಯಬಹುದು. ಡಬ್ಲ್ಯೂ ಇದ್ದರೆ, ಜೊತೆಗೆ ಎಕ್ಸ್ ಕೂಡ ಇದ್ದರೆ, ಒಳಗೆ ಹೊಸ ಫೈಲ್ ಮಾಡಬಹುದು, ಹೆಸರು ಬದಲಿಸಬಹುದು, ಅಳಿಸಬಹುದು.

ಅಳಿಸುವ ವಿಷಯಕ್ಕೆ ಬಂದರೆ ಇನ್ನೊಂದು ತಮಾಷೆ. ನೀವು ಒಂದು ಫೈಲನ್ನು ಓದಲು ಮಾತ್ರ ಬಿಟ್ಟು, 444 ಮಾಡಿ, ಇನ್ನು ಇದು ಭದ್ರ ಅಂತ ಕೂತಿರುತ್ತೀರಿ. ಆ ಫೋಲ್ಡರಿಗೆ ಬರೆಯುವ ಹಕ್ಕು ಇರುವ ಯಾರು ಬೇಕಾದರೂ ಅದನ್ನು ಅಳಿಸಬಹುದು. ಯಾಕೆಂದರೆ ಅಳಿಸುವುದು ಅಂದರೆ ಡೈರೆಕ್ಟರಿಯ ಪಟ್ಟಿಯಿಂದ ಒಂದು ಹೆಸರು ತೆಗೆಯುವುದು, ಫೈಲಿನ ಪರ್ಮಿಷನ್ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಆರ್‌ಎಂ ಕಮಾಂಡ್ ‘ಇದು ರೈಟ್ ಪ್ರೊಟೆಕ್ಟೆಡ್, ನಿಜವಾಗಲೂ ತೆಗೆಯಲಾ’ ಅಂತ ಒಂದು ಸಲ ಕೇಳುತ್ತದಲ್ಲ, ಅದು ಬರೀ ಮರ್ಯಾದೆಗೆ. ಹೂಂ ಅಂದರೆ ಹೋಯಿತು.

ಇದಕ್ಕೆ ಪರಿಹಾರವಾಗಿಯೇ ಸ್ಟಿಕಿ ಬಿಟ್ ಇರುವುದು. ಎಲ್ಲರೂ ಬರೆಯುವ ‘/ಟಿಎಂಪಿ’ ಡೈರೆಕ್ಟರಿಯ ಪರ್ಮಿಷನ್ 1777. ಆ ಮೊದಲ 1 ಇದೆಯಲ್ಲ, ಅದು ಇರುವುದರಿಂದ ಫೈಲಿನ ಓನರ್, ಡೈರೆಕ್ಟರಿಯ ಓನರ್, ರೂಟ್ (ಸಿಸ್ಟಂನ ಸರ್ವಾಧಿಕಾರದ ಯೂಸರ್) ಇವರು ಬಿಟ್ಟು ಬೇರೆ ಯಾರೂ ಅಲ್ಲಿ ಅಳಿಸುವ ಹಾಗಿಲ್ಲ. ಪಟ್ಟಿಯಲ್ಲಿ ಕೊನೆಯ ಅಕ್ಷರ ಎಕ್ಸ್ ಬದಲು ಟಿ ಆಗಿ ಕಾಣುತ್ತದೆ.

ಪರೀಕ್ಷೆ ನಡೆಯುವ ಕ್ರಮವೂ ಬಹಳ ಜನಕ್ಕೆ ಗೊತ್ತಿಲ್ಲ. ಓನರ್ ನೀವೇ ಆಗಿದ್ದರೆ ಓನರಿನ ಮೂರು ಬಿಟ್ ಮಾತ್ರ ನೋಡಿ ತೀರ್ಮಾನ. ಅಲ್ಲಿ ಹಕ್ಕಿಲ್ಲದಿದ್ದರೆ ಗ್ರೂಪಿನಲ್ಲಿ ಸಿಗಬಹುದೇನೋ, ಅದರ್ಸ್‌ನಲ್ಲಿ ಸಿಗಬಹುದೇನೋ ಅಂತ ಮುಂದೆ ಹೋಗುವುದಿಲ್ಲ. ಹಾಗಾಗಿ 077 ಅಂತ ಇಟ್ಟರೆ ಊರಿಗೆಲ್ಲ ತೆರೆದಿರುವ ಫೈಲು ಓನರಿಗೇ ಮುಚ್ಚಿರುತ್ತದೆ. ಓನರ್ ಆದ್ದರಿಂದ ಪರ್ಮಿಷನ್ ಬದಲಿಸಿಕೊಳ್ಳಬಹುದು ಅನ್ನಿ, ಅದು ಬೇರೆ. ಇನ್ನೊಂದು: ಪರೀಕ್ಷೆ ನಡೆಯುವುದು ಫೈಲ್ ತೆರೆಯುವಾಗ. ಒಂದು ಪ್ರೋಗ್ರಾಂ ಆಗಲೇ ತೆರೆದು ಕೂತಿದ್ದರೆ, ಆಮೇಲೆ ನೀವು ಪರ್ಮಿಷನ್ ಕಿತ್ತುಕೊಂಡರೂ ಅದು ಓದುತ್ತಲೇ ಇರುತ್ತದೆ. ಒಬ್ಬರ ಹಕ್ಕು ತೆಗೆದ ಮೇಲೆ ಅವರ ಪ್ರೋಗ್ರಾಂ ನಿಲ್ಲಿಸಿದ್ದೀರಾ ಅಂತಲೂ ನೋಡಬೇಕು.

ಈಗ 777ರ ವಿಷಯಕ್ಕೆ ಬರೋಣ. ಏನಾದರೂ ತೆರೆಯದಿದ್ದರೆ ‘ಸಿಎಚ್‌ಮಾಡ್ -ಆರ್ 777’ ಹೊಡೆ, ಅಂದರೆ ಫೋಲ್ಡರಿನ ಒಳಗಿರುವುದಕ್ಕೆಲ್ಲ ಎಲ್ಲರಿಗೂ ಎಲ್ಲ ಹಕ್ಕು ಕೊಡು ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಹೊಡೆದವರಿಗೆ ಬೈಯುವವರೂ ಸಿಗುತ್ತಾರೆ. ನಾನು ಹೊಡೆದವರ ಪರ. ಅಂದರೆ 777 ಸರಿ ಅಂತಲ್ಲ, ಅದು ಪಕ್ಕಾ ತಪ್ಪು. ಯಾವ ಯೂಸರ್ ಬೇಕಾದರೂ, ಯಾವ ಪ್ರೋಗ್ರಾಂ ಬೇಕಾದರೂ ನಿಮ್ಮ ಫೈಲಿನಲ್ಲಿ ಏನು ಬೇಕಾದರೂ ಬರೆಯಬಹುದು, ವೆಬ್‌ಸೈಟಿನ ಒಂದು ಸಣ್ಣ ತೂತಿನಿಂದ ಒಳಗೆ ಬಂದವನಿಗೆ ಇಡೀ ಫೋಲ್ಡರ್ ಸಿಗುತ್ತದೆ. ಆದರೆ ಮನುಷ್ಯನಿಗೆ ‘ಇಲ್ಲ’ ಅಂತ ಹೇಳಿ ಕಾರಣ ಹೇಳದಿದ್ದರೆ ಅವನು ಮಾಡುವುದು ಇದನ್ನೇ ಅಲ್ವಾ? ಇರುವ ಬೀಗವನ್ನೆಲ್ಲ ಒಡೆದು ನೋಡುತ್ತಾನೆ. ಈ ತಪ್ಪಿನಲ್ಲಿ ಅರ್ಧ ಪಾಲು ಆ ಎರಡು ಶಬ್ದದ ಮೆಸೇಜಿನದು.

ಇನ್ನೂ ಬೇಸರದ ಸಂಗತಿ ಅಂದರೆ 777 ಹೊಡೆದರೂ ಕೆಲಸ ಆಗದೇ ಇರುವುದು. ತಡೆ ಮೇಲಿನ ಡೈರೆಕ್ಟರಿಯಲ್ಲಿದ್ದರೆ ಕೆಳಗಿನ ಫೈಲಿಗೆ ಏನು ಕೊಟ್ಟರೂ ಪ್ರಯೋಜನವಿಲ್ಲ. ಕೆಲವು ಪ್ರೋಗ್ರಾಂಗಳು ಜಾಸ್ತಿ ತೆರೆದಿದ್ದರೇ ಸಿಟ್ಟಾಗುತ್ತವೆ. ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನ ಪ್ರೈವೇಟ್ ಕೀ ಫೈಲಿಗೆ 777 ಕೊಟ್ಟು ನೋಡಿ, ‘ಪರ್ಮಿಷನ್ ತೀರಾ ಸಡಿಲ’ ಅಂತ ದೊಡ್ಡ ಎಚ್ಚರಿಕೆ ಕೊಟ್ಟು ಆ ಕೀ ಬಳಸುವುದನ್ನೇ ನಿಲ್ಲಿಸುತ್ತದೆ. ನೋಡಿ, ಇದು ಸರಿಯಾದ ಮೆಸೇಜ್: ಯಾವ ಫೈಲು, ಈಗ ಎಷ್ಟಿದೆ, ಏನು ತಪ್ಪು, ಎಲ್ಲ ಹೇಳುತ್ತದೆ. ಕೀಗೆ 600 ಕೊಟ್ಟರೆ ತಣ್ಣಗಾಗುತ್ತದೆ.

ಹಾಗಾದರೆ ತಡೆ ಎಲ್ಲಿದೆ ಅಂತ ಹುಡುಕುವುದು ಹೇಗೆ? ‘ನೇಮ್‌ಐ -ಎಲ್’ ಅಂತ ಒಂದು ಕಮಾಂಡ್ ಇದೆ. ಫೈಲಿನ ಪೂರ್ತಿ ಪಾಥ್ (ವಿಳಾಸ) ಕೊಟ್ಟರೆ ಎಲ್ಲಕ್ಕಿಂತ ಮೇಲಿನ ‘/’ ಡೈರೆಕ್ಟರಿಯಿಂದ ಹಿಡಿದು ಕೊನೆಯ ಫೈಲಿನವರೆಗೆ ಒಂದೊಂದು ಹಂತದ ಪರ್ಮಿಷನ್, ಓನರ್, ಗ್ರೂಪ್ ಎಲ್ಲವನ್ನೂ ಸಾಲಾಗಿ ತೋರಿಸುತ್ತದೆ. ಎಲ್ಲಿ ಎಕ್ಸ್ ಇಲ್ಲವೋ ಅಲ್ಲೇ ಕಳ್ಳ. ಇಷ್ಟು ಉಪಯೋಗದ ಕಮಾಂಡ್ ಎಷ್ಟು ಜನಕ್ಕೆ ಗೊತ್ತಿಲ್ಲ ಅಂದರೆ ಸಂಕಟ ಆಗುತ್ತದೆ. ಇನ್ನೊಂದು ದಾರಿ, ತೊಂದರೆ ಪಡುತ್ತಿರುವ ಯೂಸರ್ ಆಗಿಯೇ ಪ್ರಯತ್ನ ಮಾಡುವುದು: ‘ಸುಡೂ -ಯು’ ಹಾಕಿ ಆ ಯೂಸರಿನ ಹೆಸರಿನಲ್ಲಿ ಫೈಲ್ ಓದಿ ನೋಡಿದರೆ ಊಹೆ ಮಾಡುತ್ತಾ ಕೂರುವುದು ತಪ್ಪುತ್ತದೆ. ‘ಐಡಿ’ ಅಂತ ಹೊಡೆದರೆ ನೀವು ಯಾವ ಯಾವ ಗ್ರೂಪಿನಲ್ಲಿದ್ದೀರಿ ಅಂತ ಗೊತ್ತಾಗುತ್ತದೆ. ಹೊಸ ಗ್ರೂಪಿಗೆ ಸೇರಿಸಿದರೂ ಲಾಗೌಟ್ ಆಗಿ ಮತ್ತೆ ಬರುವವರೆಗೆ ಅದು ಲೆಕ್ಕಕ್ಕಿಲ್ಲ ಅನ್ನುವುದು ನೆನಪಿರಲಿ. ಸೇರಿಸುವಾಗ ‘ಯೂಸರ್‌ಮಾಡ್ -ಎಜಿ’ ಹಾಕಬೇಕು, ಆ ‘ಎ’ ಬಿಟ್ಟುಹೋದರೆ ಪಾಪ ಆ ಯೂಸರ್ ಉಳಿದ ಹೆಚ್ಚುವರಿ ಗ್ರೂಪುಗಳಿಂದೆಲ್ಲ ಹೊರಗೆ. ಇಂಥ ಅಪಾಯದ್ದನ್ನು ಡಿಫಾಲ್ಟ್ ಆಗಿ ಯಾಕೆ ಇಟ್ಟರೋ.

ಮೆಸೇಜುಗಳಲ್ಲೂ ಸ್ವಲ್ಪ ಸುಳಿವು ಇದೆ, ಗಮನ ಕೊಟ್ಟರೆ. ‘ಪರ್ಮಿಷನ್ ಡಿನೈಡ್’ ಬಂದರೆ ಸಾಮಾನ್ಯವಾಗಿ ಬಿಟ್‌ಗಳ ಕಥೆ. ‘ಆಪರೇಷನ್ ನಾಟ್ ಪರ್ಮಿಟೆಡ್’ ಬಂದರೆ ಬೇರೆ ಜಾತಿ: ಬೇರೆಯವರ ಫೈಲಿಗೆ ಸಿಎಚ್‌ಮಾಡ್ ಮಾಡಲು ಹೋಗಿರುತ್ತೀರಿ, ಸ್ಟಿಕಿ ಬಿಟ್ ತಡೆದಿರುತ್ತದೆ, ಇಲ್ಲವೇ ಯಾರೋ ‘ಸಿಎಚ್‌ಆ್ಯಟರ್ +ಐ’ ಹಾಕಿ ಫೈಲನ್ನು ಕಲ್ಲು ಮಾಡಿಟ್ಟಿರುತ್ತಾರೆ. ಆ ‘ಐ’ ಇದ್ದರೆ ರೂಟ್ ಕೂಡ ಅದನ್ನು ತೆಗೆಯದೆ ಫೈಲ್ ಅಳಿಸಲಾಗದು, ಮತ್ತು ‘ಎಲ್‌ಎಸ್ -ಎಲ್’ನಲ್ಲಿ ಅದರ ಸುಳಿವೇ ಇರುವುದಿಲ್ಲ, ‘ಎಲ್‌ಎಸ್‌ಆ್ಯಟರ್’ ನೋಡಬೇಕು. ಓಡಿಸುವ ಹಕ್ಕು ಇದ್ದೂ ಸ್ಕ್ರಿಪ್ಟ್ ಓಡದಿದ್ದರೆ ಆ ಡಿಸ್ಕನ್ನು ‘ನೋಎಕ್ಸಿಕ್’ (ಇಲ್ಲಿಂದ ಏನೂ ಓಡಬಾರದು) ಅಂತ ಮೌಂಟ್ ಮಾಡಿದ್ದಾರಾ, ಅಂದರೆ ಸಿಸ್ಟಂಗೆ ಜೋಡಿಸಿದ್ದಾರಾ ನೋಡಿ. ಅದಕ್ಕೂ ಅದೇ ಹಳೆಯ ‘ಪರ್ಮಿಷನ್ ಡಿನೈಡ್’ ಉತ್ತರ.

ತಂಡದ ಕೆಲಸಕ್ಕೆ ಈ ವ್ಯವಸ್ಥೆಯಲ್ಲಿ ಒಂದು ಒಳ್ಳೆಯ ಸೌಲಭ್ಯ ಇದೆ, ಬಳಸುವವರು ಕಡಿಮೆ. ಹಂಚಿಕೊಂಡ ಡೈರೆಕ್ಟರಿಗೆ 2775 ಕೊಡಿ. ಮೊದಲ 2 ಸೆಟ್‌ಜಿಐಡಿ. ಒಳಗೆ ಯಾರೇ ಹೊಸ ಫೈಲ್ ಮಾಡಿದರೂ ಅದರ ಗ್ರೂಪ್ ಡೈರೆಕ್ಟರಿಯ ಗ್ರೂಪೇ ಆಗುತ್ತದೆ, ಮಾಡಿದವರ ಸ್ವಂತ ಗ್ರೂಪ್ ಅಲ್ಲ. ಜೊತೆಗೆ ಯುಮಾಸ್ಕ್ 002 ಇದ್ದರೆ ತಂಡದವರು ಒಬ್ಬರ ಫೈಲನ್ನು ಇನ್ನೊಬ್ಬರು ತಿದ್ದಬಹುದು. ಯುಮಾಸ್ಕ್ ಅಂದರೆ ಹೊಸ ಫೈಲಿನಿಂದ ಯಾವ ಹಕ್ಕು ಕಿತ್ತುಕೊಳ್ಳಬೇಕು ಅನ್ನುವ ಪಟ್ಟಿ. 022 ಇದ್ದರೆ ಫೈಲಿಗೆ 644, ಡೈರೆಕ್ಟರಿಗೆ 755 ಬರುವುದು ಅದಕ್ಕೇ. ಕೊಡುವುದನ್ನು ಹೇಳದೆ ಕಿತ್ತುಕೊಳ್ಳುವುದನ್ನು ಹೇಳುವ ಈ ಉಲ್ಟಾ ಲೆಕ್ಕ ನನಗೆ ಇವತ್ತಿಗೂ ಇಷ್ಟವಿಲ್ಲ.

ಇಡೀ ಫೋಲ್ಡರಿನ ಪರ್ಮಿಷನ್ ಸರಿ ಮಾಡಬೇಕಿದ್ದರೆ ಅಂಕಿ ಬಿಟ್ಟು ಅಕ್ಷರ ಬಳಸಿ, ಅದರಲ್ಲೂ ದೊಡ್ಡ ಎಕ್ಸ್. ಸಣ್ಣ ಎಕ್ಸ್ ಎಲ್ಲದಕ್ಕೂ ಓಡಿಸುವ ಹಕ್ಕು ಕೊಟ್ಟುಬಿಡುತ್ತದೆ, ಫೋಟೋ, ಟೆಕ್ಸ್ಟ್ ಫೈಲ್ ಅಂತ ನೋಡುವುದಿಲ್ಲ. ದೊಡ್ಡದು ಡೈರೆಕ್ಟರಿಗಳಿಗೆ ಮತ್ತು ಆಗಲೇ ಆ ಹಕ್ಕು ಇದ್ದ ಫೈಲುಗಳಿಗೆ ಮಾತ್ರ ಕೊಡುತ್ತದೆ. ಜಾಣ ಅಕ್ಷರ.

ಸೆಟ್‌ಯುಐಡಿ ಬಗ್ಗೆ ಎರಡು ಮಾತು. ನಿಮ್ಮ ಪಾಸ್‌ವರ್ಡ್ ನೀವು ಬದಲಿಸಿಕೊಳ್ಳುತ್ತೀರಿ, ಆದರೆ ಅದು ಕೂರುವ ‘/ಇಟಿಸಿ/ಶ್ಯಾಡೋ’ ಫೈಲನ್ನು ನೀವು ಮುಟ್ಟುವ ಹಾಗಿಲ್ಲ. ಪಾಸ್‌ವರ್ಡ್ ಬದಲಿಸುವ ಪ್ರೋಗ್ರಾಂ ಮೇಲೆ ಈ ಬಿಟ್ ಇರುವುದರಿಂದ, ಓಡಿಸಿದವರು ನೀವಾದರೂ ಅದು ತನ್ನ ಓನರ್ ಆದ ರೂಟ್‌ನ ಹಕ್ಕಿನಲ್ಲಿ ಓಡುತ್ತದೆ. ಡೆನಿಸ್ ರಿಚಿ ಇದಕ್ಕೆ ಪೇಟೆಂಟ್ ಪಡೆದಿದ್ದರು, 1979ರಲ್ಲಿ. ಆಮೇಲೆ ಅದನ್ನು ಸಾರ್ವಜನಿಕರಿಗೇ ಬಿಟ್ಟುಕೊಟ್ಟರು. ಐಡಿಯಾ ಅದ್ಭುತ, ಅಪಾಯವೂ ಅಷ್ಟೇ. ಅಂಥ ಪ್ರೋಗ್ರಾಂನಲ್ಲಿ ಒಂದು ಬಗ್ ಇದ್ದರೆ ಸಾಮಾನ್ಯ ಯೂಸರ್ ರೂಟ್ ಆಗಿಬಿಡಬಹುದು. ಸ್ಕ್ರಿಪ್ಟುಗಳ ಮೇಲೆ ಈ ಬಿಟ್ ಹಾಕಿದರೆ ಲಿನಕ್ಸ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಒಳ್ಳೆಯದೇ ಆಯಿತು.

ಒಂಬತ್ತು ಬಿಟ್ ಸಾಕಾಗದ ಕಡೆಯೂ ಇದೆ, ಒಪ್ಪುತ್ತೇನೆ. ಒಂದು ಗ್ರೂಪ್ ಬರೆಯಬೇಕು, ಇನ್ನೊಂದು ಗ್ರೂಪ್ ಓದಬೇಕು, ಮೂರನೆಯ ಒಬ್ಬರಿಗೆ ಮಾತ್ರ ವಿನಾಯಿತಿ, ಉಳಿದವರಿಗೆ ಏನೂ ಬೇಡ ಅಂದರೆ ಇದರಲ್ಲಿ ಹೇಳಲು ಬರುವುದಿಲ್ಲ. ಆಗ ಎಸಿಎಲ್ ಬೇಕು, ಅಂದರೆ ಯಾರಿಗೆ ಏನು ಹಕ್ಕು ಅನ್ನುವ ಪ್ರತ್ಯೇಕ ಪಟ್ಟಿ. ‘ಸೆಟ್‌ಎಫ್‌ಎಸಿಎಲ್’ ಹಾಕಿ ಹೆಸರು ಹಿಡಿದು ಹಕ್ಕು ಕೊಡಬಹುದು, ‘ಗೆಟ್‌ಎಫ್‌ಎಸಿಎಲ್’ ಹಾಕಿ ನೋಡಬಹುದು. ಕೊಟ್ಟ ಮೇಲೆ ಪಟ್ಟಿಯಲ್ಲಿ ಪರ್ಮಿಷನ್ ಕೊನೆಗೆ ಒಂದು ಪ್ಲಸ್ ಗುರುತು ಬರುತ್ತದೆ. ಅದು ಕಂಡರೆ ಹುಷಾರು. ಆಗಿನಿಂದ ನಡುವಿನ ಮೂರು ಅಕ್ಷರ ಗ್ರೂಪಿನದಲ್ಲ, ‘ಮಾಸ್ಕ್’ ಅನ್ನುವ ಮೇಲ್ಮಿತಿಯದು. ಯಾರೋ ಬಂದು ಸಿಎಚ್‌ಮಾಡ್ ಮಾಡಿ ಗ್ರೂಪಿನ ಬರೆಯುವ ಹಕ್ಕು ತೆಗೆದೆ ಅಂದುಕೊಳ್ಳುತ್ತಾರೆ, ನಿಜವಾಗಿ ಮಾಸ್ಕ್ ಕಡಿಮೆಯಾಗಿ ನೀವು ಹೆಸರು ಹಿಡಿದು ಕೊಟ್ಟವರ ಹಕ್ಕೂ ಮೊಟಕಾಗಿರುತ್ತದೆ. ‘ಗೆಟ್‌ಎಫ್‌ಎಸಿಎಲ್’ ಮಾತ್ರ ಪಕ್ಕದಲ್ಲಿ ‘ಎಫೆಕ್ಟಿವ್’ ಅಂತ ನಿಜವಾದ ಹಕ್ಕು ಬರೆದು ತೋರಿಸುತ್ತದೆ. ಒಂದು ಸಾಲಿನಲ್ಲಿ ಎಲ್ಲ ಕಾಣುತ್ತದೆ ಅಂತ ಮೇಲೆ ಹೊಗಳಿದೆನಲ್ಲ, ಆ ಹೊಗಳಿಕೆ ಪ್ಲಸ್ ಗುರುತು ಬರುವವರೆಗೆ ಮಾತ್ರ.

ಇದೆಲ್ಲದರ ಮೇಲೆ ಇನ್ನೊಂದು ಪದರ, ಎಸ್‌ಇಲಿನಕ್ಸ್. ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ 2000ದಲ್ಲಿ ಹೊರಗೆ ಬಿಟ್ಟದ್ದು, 2003ರ 2.6 ಕರ್ನಲ್‌ನಿಂದ (ಕರ್ನಲ್ ಅಂದರೆ ಸಿಸ್ಟಂನ ತಿರುಳು) ಲಿನಕ್ಸ್‌ನ ಒಳಗೇ ಇದೆ. ಓನರ್ ಒಪ್ಪಿದರೂ ಇದು ಒಪ್ಪಬೇಕು. ಪ್ರತಿ ಫೈಲಿಗೂ ಒಂದು ಲೇಬಲ್, ವೆಬ್ ಸರ್ವರ್ ತನಗೆ ಹೇಳಿದ ಲೇಬಲ್ ಇರುವುದನ್ನು ಮಾತ್ರ ಮುಟ್ಟಬೇಕು. ಹೋಮ್ ಡೈರೆಕ್ಟರಿಯಿಂದ ಫೈಲನ್ನು ವೆಬ್ ಫೋಲ್ಡರಿಗೆ ಎಂವಿ (ಮೂವ್) ಮಾಡಿದರೆ ಹಳೆಯ ಲೇಬಲ್ ಅಂಟಿಕೊಂಡೇ ಬರುತ್ತದೆ, ಬಿಟ್‌ಗಳೆಲ್ಲ ಸರಿ ಇದ್ದೂ ಪೇಜ್ ತೆರೆಯುವುದಿಲ್ಲ. ‘ಎಲ್‌ಎಸ್ -ಝಡ್’ ಹಾಕಿ ನೋಡಿ, ‘ರಿಸ್ಟೋರ್‌ಕಾನ್’ ಹೊಡೆದರೆ ಮುಗಿಯಿತು. ಆದರೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಎಸ್‌ಇಲಿನಕ್ಸ್ ಆಫ್ ಮಾಡುವುದು. ಅನ್ಯಾಯ. ಯಾಕೆಂದರೆ ಈ ಪೂರ್ತಿ ಸಂಸಾರದಲ್ಲಿ ತಡೆದದ್ದಕ್ಕೆ ಕಾರಣ ಬರೆದಿಡುವವನು ಇವನೊಬ್ಬನೇ! ಆಡಿಟ್ ಲಾಗ್‌ನಲ್ಲಿ ಯಾವ ಪ್ರೋಗ್ರಾಂ, ಯಾವ ಫೈಲ್, ಯಾವ ಕೆಲಸ ಎಲ್ಲ ಇರುತ್ತದೆ, ‘ಆಡಿಟ್‌ಟುವೈ’ ಕಮಾಂಡ್ ಅದನ್ನು ಓದಿ ಯಾಕೆ ತಡೆಯಿತು ಅಂತ ವಿವರಿಸುತ್ತದೆ. ನಾನು ಕೇಳುತ್ತಿರುವುದೂ ಅಷ್ಟೇ.

ವಿಂಡೋಸ್ ಜೊತೆ ಹೋಲಿಸದೆ ಬಿಟ್ಟರೆ ಕಾಮೆಂಟಿನಲ್ಲಿ ಕೇಳುತ್ತೀರಿ. 1993ರ ವಿಂಡೋಸ್ ಎನ್‌ಟಿ ಕಾಲದಿಂದಲೂ ಎನ್‌ಟಿಎಫ್‌ಎಸ್‌ನಲ್ಲಿ (ವಿಂಡೋಸ್ ಡಿಸ್ಕಿನಲ್ಲಿ ಫೈಲ್ ಇಡುವ ಫಾರ್ಮ್ಯಾಟ್) ಎಸಿಎಲ್ ಇದೆ. ಎಷ್ಟು ಜನಕ್ಕೆ ಬೇಕಾದರೂ ಬೇರೆ ಬೇರೆ ಹಕ್ಕು ಕೊಡಬಹುದು, ಅಳಿಸುವ ಹಕ್ಕೇ ಬೇರೆ, ಓನರ್ ಆಗುವ ಹಕ್ಕೇ ಬೇರೆ, ಮೇಲಿನ ಫೋಲ್ಡರಿನಿಂದ ಹಕ್ಕು ತಾನಾಗಿ ಇಳಿದು ಬರುತ್ತದೆ, ಬೇಡ ಅನ್ನುವ ‘ಡಿನೈ’ ಕೂಡ ಇದೆ. ಶಕ್ತಿಯಲ್ಲಿ ಲಿನಕ್ಸ್‌ಗಿಂತ ಮೇಲು. ಓದಲು ಕೂತರೆ ತಲೆ ಬಿಸಿ. ಫೋಲ್ಡರಿಗೇ ನೇರ ಕೊಟ್ಟ ‘ಅಲೋ’ ಮೇಲಿನಿಂದ ಬಂದ ‘ಡಿನೈ’ಯನ್ನು ಮೀರುತ್ತದೆ ಅನ್ನುವುದು ಎಷ್ಟು ಜನಕ್ಕೆ ಗೊತ್ತು? ನೆಟ್‌ವರ್ಕಿನಲ್ಲಿ ಶೇರ್ ಮಾಡಿದರೆ ಶೇರ್ ಪರ್ಮಿಷನ್ ಬೇರೆ, ಫೈಲಿನದು ಬೇರೆ, ಎರಡರಲ್ಲಿ ಯಾವುದು ಬಿಗಿಯೋ ಅದು ನಡೆಯುತ್ತದೆ. ಆದರೂ ಒಂದು ವಿಷಯದಲ್ಲಿ ವಿಂಡೋಸ್‌ಗೆ ಸಲಾಂ: ಅಡ್ವಾನ್ಸ್ಡ್ ಸೆಕ್ಯುರಿಟಿಯಲ್ಲಿ ‘ಎಫೆಕ್ಟಿವ್ ಆ್ಯಕ್ಸೆಸ್’ ಅಂತ ಒಂದು ಟ್ಯಾಬ್ ಇದೆ. ಯೂಸರಿನ ಹೆಸರು ಕೊಟ್ಟರೆ ಅವರಿಗೆ ಏನೇನು ಆಗುತ್ತದೆ, ಏನು ಆಗುವುದಿಲ್ಲ, ಯಾವುದು ತಡೆಯುತ್ತಿದೆ ಅಂತ ತೋರಿಸುತ್ತದೆ. ಲಿನಕ್ಸ್‌ನಲ್ಲಿ ಇಂಥದ್ದೊಂದು ಸಾದಾ ಕಮಾಂಡ್ ಜೊತೆಗೇ ಬಂದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ.

ಕೊನೆಗೆ, ಇದರಿಂದ ಏನು ಆಗುವುದಿಲ್ಲ ಅನ್ನುವುದನ್ನೂ ತಿಳಿದು ತೆಗೆದುಕೊಳ್ಳಿ. ರೂಟ್‌ಗೆ ಈ ಬಿಟ್‌ಗಳು ಹೆಚ್ಚುಕಡಿಮೆ ಇಲ್ಲದ ಹಾಗೆ. ಒಂದೇ ಒಂದು ಎಕ್ಸ್ ಕೂಡ ಇಲ್ಲದ ಪ್ರೋಗ್ರಾಂ ಓಡಿಸಲಾರ, ಅಷ್ಟೇ. ಎಫ್‌ಎಟಿ32, ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನ ಪೆನ್‌ಡ್ರೈವಿಗೆ ಕಾಪಿ ಮಾಡಿದರೆ ಪರ್ಮಿಷನ್ ಅಲ್ಲಿಗೆ ಹೋಗುವುದೇ ಇಲ್ಲ, ಅವಕ್ಕೆ ಓನರ್ ಅಂತಲೇ ಗೊತ್ತಿಲ್ಲ. ಡಿಸ್ಕಿನಲ್ಲಿ ಬರೆದಿರುವುದು ಯೂಸರಿನ ಹೆಸರಲ್ಲ, ನಂಬರು. ನಿಮ್ಮ ನಂಬರು 1000 ಅಂತಿಟ್ಟುಕೊಳ್ಳಿ, ಡಿಸ್ಕ್ ಕಿತ್ತು ಬೇರೆ ಮಷೀನಿಗೆ ಹಾಕಿದರೆ ಅಲ್ಲಿ 1000 ನಂಬರಿನವರು ಯಾರೋ ಅವರೇ ನಿಮ್ಮ ಫೈಲುಗಳ ಓನರ್. ಕಂಟೇನರ್ (ಪ್ರೋಗ್ರಾಂ ಅನ್ನು ಉಳಿದ ಸಿಸ್ಟಂನಿಂದ ಬೇರೆ ಇಟ್ಟು ಓಡಿಸುವ ವಿಧಾನ) ಬಳಸುವವರಿಗೆ ಹೊರಗಿನ ಫೋಲ್ಡರಿನಲ್ಲಿ ಬರೆಯಲಾಗದೆ ಬರುವ ತಲೆನೋವಿನ ಮೂಲವೂ ಬಹಳ ಸಲ ಈ ನಂಬರೇ. ಇನ್ನು ಪೆನ್‌ಡ್ರೈವಿನಿಂದ ಬೇರೆ ಸಿಸ್ಟಂ ಬೂಟ್ ಮಾಡಿ ಬಂದವನ ಮುಂದೆ 600 ಆಗಲಿ 000 ಆಗಲಿ ನಿಲ್ಲುವುದಿಲ್ಲ, ಏಕೆಂದರೆ ಕಾವಲು ಕಾಯುವುದು ಓಡುತ್ತಿರುವ ಕರ್ನಲ್, ಡಿಸ್ಕ್ ಅಲ್ಲ. ಲ್ಯಾಪ್‌ಟಾಪ್ ಕಳುವಾದರೆ ಅನ್ನುವ ಭಯ ಇದ್ದವರು ಸಿಎಚ್‌ಮಾಡ್ ಬಿಟ್ಟು ಡಿಸ್ಕ್ ಎನ್‌ಕ್ರಿಪ್ಷನ್ ನೋಡಿ. ಲಿನಕ್ಸ್‌ನಲ್ಲಿ ಅದಕ್ಕೆ ಎಲ್‌ಯುಕೆಎಸ್ ಇದೆ. ಇನ್‌ಸ್ಟಾಲ್ ಮಾಡುವಾಗಲೇ ಆ ಆಯ್ಕೆಗೆ ಟಿಕ್ ಹಾಕಿ, ಆಮೇಲೆ ಹಾಕೋಣ ಅಂದರೆ ಕೆಲಸ ಜಾಸ್ತಿ.